48 ಲಕ್ಷ ಕಿಲೋಮೀಟರ್ ಓಡಿದ ಕೆಂಪು ಕಾರು

ಇವತ್ತಿನ ಸಂಚಿಕೆಯನ್ನ ಒಂದು ಲೆಕ್ಕದಿಂದ ಶುರು ಮಾಡ್ತೀನಿ. ಬೆಂಗಳೂರಿನಿಂದ ಮೈಸೂರಿಗೆ ಕಾರಲ್ಲಿ ಹೋಗಿ, ಅದೇ ದಿನ ವಾಪಸ್ ಬನ್ನಿ. ನಾಳೆಯೂ ಹೋಗಿಬನ್ನಿ, ನಾಡಿದ್ದೂ ಹೋಗಿಬನ್ನಿ. ಭಾನುವಾರ ಇಲ್ಲ, ಹಬ್ಬ ಇಲ್ಲ, ಜ್ವರ ಬಂತು ಅಂತ ರಜೆಯೂ ಇಲ್ಲ. ಹೀಗೆ 47 ವರ್ಷ, ಒಂದೇ ಕಾರಿನಲ್ಲಿ!

ಹೆಚ್ಚುಕಮ್ಮಿ ಅಷ್ಟು ದೂರವನ್ನು ಅಮೆರಿಕದ ಒಬ್ಬ ವಿಜ್ಞಾನದ ಮೇಷ್ಟ್ರು ನಿಜವಾಗಿಯೂ ಕ್ರಮಿಸಿದರು. ಅವರ ಹೆಸರು ಇರ್ವ್ ಗಾರ್ಡನ್. ಕಾರು 1966ರ ವೋಲ್ವೋ 1800ಎಸ್. ಕೆಂಪು ಬಣ್ಣದ, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ಈ ಕತೆ ನನಗೆ ಯಾಕೆ ತಟ್ಟಿತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಮೊದಲು ಈ ಕಾರು ಹುಟ್ಟಿದ್ದು ಹೇಗೆ ಅಂತ ನೋಡೋಣ.

1950ರ ದಶಕದಲ್ಲಿ ಸ್ವೀಡನ್ನಿನ ವೋಲ್ವೋ ಅಂದರೆ ಗಟ್ಟಿಮುಟ್ಟಾದ, ಸಂಸಾರಸ್ಥರ ಕಾರು. ಜನ ನಿಂತು ತಿರುಗಿ ನೋಡುವಂಥ ಒಂದು ಕಾರೂ ಬೇಕು ಅಂತ ಕಂಪನಿಗೆ ಅನ್ನಿಸಿತು. ವಿನ್ಯಾಸ ಇಟಲಿಯದ್ದೇ ಆಗಬೇಕು ಅನ್ನೋದು ಮುಖ್ಯಸ್ಥ ಗುನ್ನಾರ್ ಎಂಗೆಲೌ ಅವರ ಆಸೆ. ಇಟಲಿಯಿಂದ ಬಂದ ವಿನ್ಯಾಸಗಳಲ್ಲಿ ಒಂದನ್ನು ಮೆಚ್ಚಿ ಆರಿಸಿದರು. ಆಮೇಲೆ ಗೊತ್ತಾಯ್ತು, ಅದನ್ನು ಬರೆದವನು ಇಟಲಿಯವನೇ ಅಲ್ಲ! ಅಲ್ಲಿನ ಫ್ರುವಾ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಸ್ವೀಡನ್ನಿನ ಯುವಕ ಪೆಲ್ಲೆ ಪೆಟರ್ಸನ್. ವೋಲ್ವೋಗೇ ಸಲಹೆಗಾರರಾಗಿದ್ದ ಹೆಲ್ಮರ್ ಪೆಟರ್ಸನ್ ಅವರ ಮಗ. ಮುಖ್ಯಸ್ಥರಿಗೆ ಸಿಟ್ಟು ಬಂತು. ವಿನ್ಯಾಸ ಉಳಿಯಿತು, ಆದರೆ ಅದರ ಶ್ರೇಯಸ್ಸು ಬಹಳ ವರ್ಷ ಫ್ರುವಾ ಹೆಸರಿಗೇ ಹೋಯಿತು. ಪೆಲ್ಲೆ ಸುಮ್ಮನೆ ಕೂರಲಿಲ್ಲ ಬಿಡಿ. ಹಾಯಿದೋಣಿ ಸ್ಪರ್ಧೆಯಲ್ಲಿ 1964 ಮತ್ತು 1972ರ ಒಲಿಂಪಿಕ್ಸ್‌ಗಳಲ್ಲಿ ಪದಕ ಗೆದ್ದರು.

1961ರಲ್ಲಿ ಕಾರಿನ ತಯಾರಿಕೆ ಶುರುವಾಗಿದ್ದು ಇಂಗ್ಲೆಂಡಿನ ಜೆನ್ಸೆನ್ ಕಾರ್ಖಾನೆಯಲ್ಲಿ. ಅಲ್ಲಿ ಗುಣಮಟ್ಟದ ತಕರಾರು ನಿಲ್ಲಲಿಲ್ಲ. 1963ರಲ್ಲಿ ವೋಲ್ವೋ ಅದನ್ನು ತನ್ನ ಊರಿಗೇ ತಂದುಕೊಂಡಿತು. ಹೆಸರಿನ ಕೊನೆಗಿರುವ 'ಎಸ್' ಅಕ್ಷರ ಸ್ವೀಡನ್ನಿನ ಗುರುತು. ಅಷ್ಟರಲ್ಲಿ 'ದಿ ಸೇಂಟ್' ಎಂಬ ಟಿವಿ ಧಾರಾವಾಹಿಯಲ್ಲಿ ರೋಜರ್ ಮೂರ್ ಇದೇ ಕಾರನ್ನು ಓಡಿಸಿ ಮನೆಮಾತಾಗಿಸಿದ್ದರು.

ಆದರೆ ಬಾನೆಟ್ ಎತ್ತಿದರೆ ಬೇರೆಯದೇ ಕತೆ. ಒಳಗಿದ್ದದ್ದು 1,778 ಸಿಸಿಯ, ನಾಲ್ಕು ಸಿಲಿಂಡರಿನ, ಎರಕದ ಕಬ್ಬಿಣದ ಎಂಜಿನ್. ಅದರ ಕ್ರ್ಯಾಂಕ್‌ಶಾಫ್ಟ್‌ಗೆ ಐದು ಕಡೆ ಬೇರಿಂಗ್ ಆಸರೆ. ಇದೇ ಬಗೆಯ ಎಂಜಿನ್ನನ್ನು ವೋಲ್ವೋ ತನ್ನ ಕುಟುಂಬದ ಕಾರುಗಳಿಗೂ ಹಾಕುತ್ತಿತ್ತು. ಅಂದ್ರೆ ಹೊರಗೆ ನೋಡಿದರೆ ಸಿನಿಮಾ ಹೀರೋ, ಒಳಗೆ ಉಳುವ ಎತ್ತು.

ಈಗ ಮೇಷ್ಟ್ರ ವಿಷಯಕ್ಕೆ ಬರೋಣ. 1966ರ ಜೂನ್ 30ರಂದು ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಗಾರ್ಡನ್ ಈ ಕಾರು ಕೊಂಡರು. ಬೆಲೆ 4,150 ಡಾಲರ್, ಹತ್ತಿರ ಹತ್ತಿರ ಅವರ ಒಂದು ವರ್ಷದ ಸಂಬಳ. ಮೊದಲ 48 ಗಂಟೆಯಲ್ಲೇ ಸುಮಾರು 2,400 ಕಿಲೋಮೀಟರ್ ಸುತ್ತಿ, ಮೊದಲ ಸರ್ವಿಸ್‌ಗೆ ತಂದು ನಿಲ್ಲಿಸಿದರು! ಶಾಲೆಗೆ ಹೋಗಿಬರೋದೇ ದಿನಕ್ಕೆ 200 ಕಿಲೋಮೀಟರ್. ಅದು ಸಾಲದು ಅಂತ ರಜೆ ಸಿಕ್ಕಿದರೆ ದೂರದ ಊರು. ಒಂದು ಲೋಟ ಒಳ್ಳೇ ಕಾಫಿಗೆ ರಾಜ್ಯ ದಾಟಿ ಹೋಗುವ ಮನುಷ್ಯ.

1987ರಲ್ಲಿ ಕಾರು 10 ಲಕ್ಷ ಮೈಲಿ ಮುಟ್ಟಿತು, ಅಂದರೆ 16 ಲಕ್ಷ ಕಿಲೋಮೀಟರ್. 1998ರಲ್ಲಿ ಗಿನ್ನೆಸ್ ದಾಖಲೆ. 2002ರಲ್ಲಿ 20 ಲಕ್ಷ ಮೈಲಿ. 2013ರ ಸೆಪ್ಟೆಂಬರ್‌ನಲ್ಲಿ, ಅಲಾಸ್ಕಾದ ಹೆದ್ದಾರಿಯೊಂದರಲ್ಲಿ, 30 ಲಕ್ಷ ಮೈಲಿ. ಆಗ ಕಾರಿಗೆ 47 ವರ್ಷ, ಗಾರ್ಡನ್ ಅವರಿಗೆ 70 ದಾಟಿತ್ತು.

ಗುಟ್ಟೇನು ಅಂತ ಎಲ್ಲರೂ ಅವರನ್ನು ಕೇಳೋರು. ಗುಟ್ಟು ಇರಲೇ ಇಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿದ್ದನ್ನು ತಪ್ಪದೆ ಮಾಡುವುದು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವುದು, ಹೊಸ ಸದ್ದು ಕೇಳಿದರೆ ಅಸಡ್ಡೆ ಮಾಡದಿರುವುದು. ಮೊದಲ ಸಲ ಎಂಜಿನ್ ಬಿಚ್ಚಿಸಿದ್ದು 6,80,000 ಮೈಲಿ ಆದ ಮೇಲೆ.

ಇನ್ನೊಂದು ಕಾರಣವೂ ಇದೆ, ನಾವು ಉಲ್ಟಾ ತಿಳ್ಕೊಂಡಿರೋದು. ದೂರ ಹೋದರೆ ಹಳೇ ಕಾರು ಸವೆಯುತ್ತೆ ಅಂತ ನಮ್ಮ ಭಯ. ಆದರೆ ಎಂಜಿನ್ ಹೆಚ್ಚು ಸವೆಯೋದು ತಣ್ಣಗಿದ್ದಾಗ ಸ್ಟಾರ್ಟ್ ಮಾಡುವ ಆ ಹೊತ್ತಿನಲ್ಲಿ. ಆಯಿಲ್ ಇನ್ನೂ ಎಲ್ಲ ಕಡೆ ತಲುಪಿರೋದಿಲ್ಲ. ಕಾಯ್ದ ಮೇಲೆ ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡುವಾಗ ಸವೆತ ಕಮ್ಮಿ, ಆಯಿಲ್‌ನಲ್ಲಿ ಸೇರಿದ ನೀರಿನಂಶವೂ ಆವಿಯಾಗಿ ಹೋಗುತ್ತೆ. ನಿಂತಲ್ಲೇ ನಿಂತ ಕಾರಿನಲ್ಲಿ ರಬ್ಬರ್ ಒಣಗಿ ಬಿರಿಯುತ್ತೆ, ಪೆಟ್ರೋಲ್ ಕೆಟ್ಟು ಅಂಟಾಗುತ್ತೆ.

ಇದನ್ನ ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮಪ್ಪನದೊಂದು ಪದ್ಮಿನಿ ಇದೆ. ಸ್ಪೋರ್ಟ್ಸ್ ಕಾರಲ್ಲ, ಆದರೆ ಅಪ್ಪ ಓಡಿಸುವಾಗ ನಮಗೆ ಹಾಗೇ ಅನ್ನಿಸ್ತಿತ್ತು. ಚಾರ್ಮಾಡಿ ಘಾಟಿಯಲ್ಲಿ ನಿಲ್ಲಿಸಿ, ರೇಡಿಯೇಟರ್‌ಗೆ ನೀರು ಹಾಕಿ, ಧರ್ಮಸ್ಥಳಕ್ಕೆ ಕರ್ಕೊಂಡು ಹೋಗೋರು. ಅಪ್ಪ ತೀರಿಕೊಂಡ ಮೇಲೆ ನಾನು ಕಾರನ್ನ ಜೋಪಾನ ಮಾಡಿದೆ. ಅಂದ್ರೆ ಶೆಡ್ಡಿನಲ್ಲಿ ನಿಲ್ಲಿಸಿ ಹೊದಿಕೆ ಹೊದಿಸಿದೆ. ಆರು ವರ್ಷ ಬಿಟ್ಟು ತೆಗೆದಾಗ ಬ್ರೇಕ್ ಹಿಡಿದುಕೊಂಡಿತ್ತು, ಟ್ಯಾಂಕ್ ತುಕ್ಕು ಹಿಡಿದಿತ್ತು, ವೈರುಗಳನ್ನು ಇಲಿ ಕಡಿದಿತ್ತು. ಮೆಕ್ಯಾನಿಕ್ ನೋಡಿ ಕೇಳಿದ್ದು ಒಂದೇ ಮಾತು: "ಯಾಕ್ ಸಾರ್, ಓಡ್ತಿದ್ದ ಗಾಡೀನ ನಿಲ್ಲಿಸಿಬಿಟ್ರಿ?" ನನ್ನ ಹತ್ರ ಉತ್ತರ ಇರಲಿಲ್ಲ. ಕೆಡಬಾರದು ಅಂತ ನಿಲ್ಲಿಸಿದ್ದೆ. ನಿಲ್ಲಿಸಿದ್ದಕ್ಕೇ ಕೆಟ್ಟಿತ್ತು.

ಹಾಗಂತ ಹಳೇ ಗಾಡಿಗಳೆಲ್ಲ ರಸ್ತೆಯಲ್ಲೇ ಇರಬೇಕು ಅಂತ ನಾನು ಹೇಳ್ತಿಲ್ಲ. ಹೊಗೆ ಇದೆ, ಸುರಕ್ಷತೆಯ ಪ್ರಶ್ನೆ ಇದೆ. ಆದರೆ ಇಟ್ಟುಕೊಳ್ಳೋದಾದರೆ ಓಡಿಸಬೇಕು, ಓಡಿಸೋದಾದರೆ ನೋಡಿಕೊಳ್ಳಬೇಕು.

ಇರ್ವ್ ಗಾರ್ಡನ್ 2018ರ ನವೆಂಬರ್‌ನಲ್ಲಿ ತೀರಿಕೊಂಡರು. ಮನೆಯಲ್ಲಿ ಅಲ್ಲ, ಚೀನಾ ಪ್ರವಾಸದಲ್ಲಿದ್ದಾಗ. ಕೊನೆಯವರೆಗೂ ಊರು ಸುತ್ತಿದ ಮನುಷ್ಯ.

ಪದ್ಮಿನಿ ಕಳೆದ ತಿಂಗಳು ಗ್ಯಾರೇಜಿನಿಂದ ಬಂತು. ಮೊದಲ ದಿನ ನೆಲಮಂಗಲದವರೆಗೆ ಹೋಗಿ ಕಾಫಿ ಕುಡಿದು ಬಂದೆ. ಮುಂದೆ ಹಾಸನ. ಆಮೇಲೆ ಚಾರ್ಮಾಡಿ. ಎರಡು ಬಾಟಲಿ ನೀರು ಡಿಕ್ಕಿಯಲ್ಲಿ ಈಗಲೇ ಇಟ್ಟಿದ್ದೀನಿ.