ನಾದ ಚಿಕಿತ್ಸೆ: ಮೂಲ, ಪದ್ಧತಿ ಮತ್ತು ಮಿತಿ

ಗಂಟೆ, ಕಂಚಿನ ಬಟ್ಟಲು, ಮಂತ್ರೋಚ್ಚಾರ ಅಥವಾ ಸಂಗೀತದ ಧ್ವನಿಯಿಂದ ದೇಹ ಮತ್ತು ಮನಸ್ಸಿಗೆ ವಿಶ್ರಾಂತಿ ಕೊಡುವ ಪದ್ಧತಿಗೆ ನಾದ ಚಿಕಿತ್ಸೆ ಎನ್ನುತ್ತಾರೆ. ಈಗಿನ ಹೆಸರು ಸೌಂಡ್ ಹೀಲಿಂಗ್. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದವರಿಗೆ ಈ ಹೆಸರು ಹೊಸದಾದರೂ ಧ್ವನಿ ಹೊಸದಲ್ಲ. ಬಸದಿಯ ಗಂಟೆ, ಭಜನೆಯ ತಾಳ, ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಕೇಳುವ ಚೌಡಿಕೆ ಎಲ್ಲರಿಗೂ ಪರಿಚಿತ. ಹಣ ಕೊಟ್ಟು ಚಿಕಿತ್ಸೆಗೆ ಹೋಗುವ ಮೊದಲು ಇದರಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ತಿಳಿದಿರಬೇಕು.

ಮೂಲ

ಧ್ವನಿಯ ಬಗ್ಗೆ ಜೈನ ಆಚಾರ್ಯರು ಬಹು ಹಿಂದೆಯೇ ವಿಚಾರ ಮಾಡಿದ್ದಾರೆ. ಶಬ್ದವು ಆಕಾಶದ ಗುಣವೆಂದು ವೈಶೇಷಿಕರು ಹೇಳಿದರೆ, ಅದು ಪುದ್ಗಲದ ಪರ್ಯಾಯವೆಂದು ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯ ಹೇಳುತ್ತದೆ. 13ನೆಯ ಶತಮಾನದ ಸುಮಾರಿಗೆ ಜೈನ ವಿದ್ವಾಂಸ ಪಾರ್ಶ್ವದೇವ ‘ಸಂಗೀತಸಮಯಸಾರ’ ರಚಿಸಿದನು. ಅದು ಸಂಗೀತ ಶಾಸ್ತ್ರ, ವೈದ್ಯ ಗ್ರಂಥವಲ್ಲ. ವೈದ್ಯಕ್ಕಾಗಿ 9ನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಉಗ್ರಾದಿತ್ಯಾಚಾರ್ಯರು ಬರೆದ ‘ಕಲ್ಯಾಣಕಾರಕ’ವಿದೆ. ಮಾಂಸ ಬಳಸದ ಔಷಧಗಳನ್ನು ಅದು ವಿವರಿಸುತ್ತದೆ. ಜಪವನ್ನು ಆತ್ಮಶುದ್ಧಿಗೂ ಔಷಧವನ್ನು ರೋಗಕ್ಕೂ ಬಳಸುವುದು ಹಿರಿಯರ ಮಾರ್ಗವಾಗಿತ್ತು.

ಬಟ್ಟಲಿನ ಚಿಕಿತ್ಸೆ ಇತ್ತೀಚಿನದು. ‘ಟಿಬೆಟಿನ ಬಟ್ಟಲು’ ಎಂಬ ಹೆಸರು ಪಶ್ಚಿಮ ದೇಶಗಳಲ್ಲಿ ಪ್ರಚಾರಕ್ಕೆ ಬಂದದ್ದು 1972ರಲ್ಲಿ ಹೆನ್ರಿ ವೋಲ್ಫ್ ಮತ್ತು ನ್ಯಾನ್ಸಿ ಹೆನ್ನಿಂಗ್ಸ್ ಹೊರತಂದ ‘ಟಿಬೆಟನ್ ಬೆಲ್ಸ್’ ಧ್ವನಿಮುದ್ರಿಕೆಯ ನಂತರ. ಏಳು ಲೋಹದ್ದೆಂದು ಮಾರುವ ಬಟ್ಟಲು ಸಾಮಾನ್ಯವಾಗಿ ತಾಮ್ರ ಮತ್ತು ತವರ ಬೆರೆತ ಕಂಚೇ ಆಗಿರುತ್ತದೆ. ಗಂಟೆಯ ಲೋಹವೂ ಅದೇ. ಆಸ್ಪತ್ರೆಗಳಲ್ಲಿ ತರಬೇತಾದವರು ನಡೆಸುವ ಸಂಗೀತ ಚಿಕಿತ್ಸೆ ಇದರಿಂದ ಬೇರೆ. ಅಮೆರಿಕದಲ್ಲಿ ಅದರ ರಾಷ್ಟ್ರೀಯ ಸಂಘ 1950ರಲ್ಲಿ ಸ್ಥಾಪನೆಯಾಯಿತು.

ಪದ್ಧತಿ

ಚಿಕಿತ್ಸೆಗೆ ಬಂದವರನ್ನು ಚಾಪೆಯ ಮೇಲೆ ಮಲಗಿಸಿ, ಬಟ್ಟಲನ್ನು ಮರದ ಕೋಲಿನಿಂದ ಮೆಲ್ಲಗೆ ತಟ್ಟುತ್ತಾರೆ ಅಥವಾ ಅಂಚಿಗೆ ತಿಕ್ಕುತ್ತಾರೆ. ನಾದ ನಿಧಾನವಾಗಿ ಕರಗುವಾಗ ಕೇಳುವವರ ಗಮನ ಅದರ ಹಿಂದೆ ಹೋಗಿ, ಉಸಿರು ನಿಧಾನವಾಗುತ್ತದೆ.

ಉಸಿರಿನ ಮಹತ್ವವನ್ನು ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅವರು ಆರೋಗ್ಯವಂತರಾದ 23 ಜನರಿಂದ ಕ್ರೈಸ್ತರ ಜಪಮಾಲೆ ಪ್ರಾರ್ಥನೆ ಮತ್ತು ಒಂದು ಮಂತ್ರವನ್ನು ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು, ಹೃದಯ ಮತ್ತು ರಕ್ತದೊತ್ತಡದ ಹೊಂದಾಣಿಕೆ ಉತ್ತಮವಾಯಿತು.

ನಮ್ಮ ಕಾಯೋತ್ಸರ್ಗದಲ್ಲಿ 9 ಸಲ ಣಮೋಕಾರ ಮಂತ್ರವನ್ನು 27 ಶ್ವಾಸೋಚ್ಛ್ವಾಸಗಳಲ್ಲಿ ಜಪಿಸುವ ಕ್ರಮವಿದೆ. ನಿಮಿಷಕ್ಕೆ 6 ಉಸಿರಿನಂತೆ ಲೆಕ್ಕ ಹಾಕಿದರೆ ಇದಕ್ಕೆ ನಾಲ್ಕೂವರೆ ನಿಮಿಷ ಸಾಕು. ಖರ್ಚೇನೂ ಇಲ್ಲ.

ಮಿತಿ

ಖಿನ್ನತೆಗೆ ಎಂದಿನ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆಯನ್ನೂ ಕೊಟ್ಟರೆ ಸ್ವಲ್ಪ ಕಾಲದ ಮಟ್ಟಿಗೆ ಹೆಚ್ಚು ಪ್ರಯೋಜನವಾಗುತ್ತದೆ ಎಂದು 2017ರ ಕಾಕ್ರೇನ್ ಪರಿಶೀಲನೆ ಹೇಳುತ್ತದೆ. ‘ಜೊತೆಗೆ’ ಎಂಬ ಮಾತು ಮುಖ್ಯ. ನಾದ ಕೇಳಿದ್ದರಿಂದ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣವಾಗುವುದಿಲ್ಲ. ಮನಸ್ಸು ಹಗುರಾಯಿತೆಂದು ಬಿಪಿ ಗುಳಿಗೆ ನಿಲ್ಲಿಸಿದರೆ ಪಾರ್ಶ್ವವಾಯುವಿಗೆ ದಾರಿಯಾದೀತು.

ಸಮಾಜ ಬಾಂಧವರು ಗಮನಿಸಬೇಕಾದವು:

- ಔಷಧ ನಿಲ್ಲಿಸಿ ಎಂದು ಹೇಳುವವರಲ್ಲಿ ಚಿಕಿತ್ಸೆ ಪಡೆಯಬಾರದು.
- ಗರ್ಭಿಣಿಯರು, ಮೂರ್ಛೆ ರೋಗ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಬಟ್ಟಲನ್ನು ಮೈಮೇಲೆ ಇಡಿಸಿಕೊಳ್ಳಬಾರದು.
- ಶಾಂತಿ ಕೊಡುವುದು ಮೆಲುದನಿ. ಅಬ್ಬರದ ಧ್ವನಿವರ್ಧಕ ಕಿವಿಗೆ ಹಾನಿ.
- ನಿದ್ದೆಗೇಡು, ಭಯ, ಬೇಸರ ವಾರಗಟ್ಟಲೆ ಉಳಿದರೆ ತಾಲೂಕು ಆಸ್ಪತ್ರೆಯಲ್ಲಿ ಅಥವಾ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯಲ್ಲಿ ತೋರಿಸಬೇಕು. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಕರೆ ಮಾಡಬಹುದು.