ಬಾಗಿಲ ಸಂದಿನ ಚರಿತ್ರೆ

ಗಾಳಿಯಾಡುವ ಮನೆ ಎಂಬುದು ನಮ್ಮಲ್ಲಿ ಹೊಗಳಿಕೆಯ ಮಾತು. ಹಿಮ ಬೀಳುವ ನಾಡುಗಳಲ್ಲಿ ಅದೇ ಮಾತು ದೂರಾಗುತ್ತದೆ. ಹೊರಬಾಗಿಲಿನ ಸಂದಿನಿಂದ ನುಗ್ಗುವ ಚಳಿಗಾಳಿಯನ್ನು ತಡೆಯುವುದು ಅಲ್ಲಿನ ಗೃಹಸ್ಥರ ನಿತ್ಯದ ಚಿಂತೆ. ಈ ಸಂದನ್ನು ಎಷ್ಟರಮಟ್ಟಿಗೆ ಮುಚ್ಚಬಹುದೆಂಬ ಪ್ರಶ್ನೆಗೂ ಒಂದು ಇತಿಹಾಸವುಂಟು. ಅದನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಮಿಂಚಿನ ಪ್ರಯೋಗದಿಂದ ನಾವೆಲ್ಲ ಬಲ್ಲೆವು. ಅವನು 1744ರಲ್ಲಿ, ತಾನು ರೂಪಿಸಿದ ಕಬ್ಬಿಣದ ಅಗ್ಗಿಷ್ಟಿಕೆಯನ್ನು ಕುರಿತು ಕಿರುಹೊತ್ತಗೆಯೊಂದನ್ನು ಪ್ರಕಟಿಸಿದ. ಹಿಂದೆ ಮನೆಬಾಗಿಲಲ್ಲೇ ದೊರೆಯುತ್ತಿದ್ದ ಸೌದೆಯನ್ನು ದೂರದಿಂದ ತರಿಸಬೇಕಾಗಿದ್ದ ಕಾಲವದು. ತೆರೆದ ಒಲೆಯ ಬಿಸಿಯೆಲ್ಲ ಹೊಗೆಗೂಡಿನಲ್ಲಿ ಏರಿಹೋಗುತ್ತಿತ್ತು. ಹಾಗೆ ಹೋದ ಗಾಳಿಯ ಸ್ಥಾನವನ್ನು ತುಂಬಲು ಬಾಗಿಲ ಸಂದುಗಳಿಂದ ಚಳಿಗಾಳಿ ಒಳಬರುತ್ತಿತ್ತು. ಬೆಂಕಿಯ ಮುಂದೆ ಕುಳಿತವನ ಎದೆ ಬೇಯುತ್ತಿದ್ದರೆ ಬೆನ್ನು ಕೊರೆಯುತ್ತಿತ್ತು.

ಸಂದು ಮುಚ್ಚಿದರೆ ಹೊಗೆ ಕೋಣೆಗೇ ಮರಳುತ್ತಿತ್ತು. 1785ರಲ್ಲಿ, ಸ್ವದೇಶಕ್ಕೆ ಮರಳುವ ಹಡಗಿನಲ್ಲಿ ಕುಳಿತು, ಮಿತ್ರ ಇಂಗೆನ್‌ಹೌಸ್‌ಗೆ ಫ್ರಾಂಕ್ಲಿನ್ ಬರೆದ ಪತ್ರದಲ್ಲಿ ಇದರ ವಿವೇಚನೆಯಿದೆ. ಹೊಸಮನೆಯಲ್ಲಿ ಬಡಗಿಯ ಕೆಲಸ ಬಿಗಿಯಾದಷ್ಟೂ ಬೆಂಕಿಗೆ ಉಸಿರಿಲ್ಲ. ಅವನು ಸೂಚಿಸಿದ ಪರೀಕ್ಷೆ ಸರಳ: ಹೊಗೆ ನಿಲ್ಲುವವರೆಗೆ ಬಾಗಿಲನ್ನು ಮೆಲ್ಲಮೆಲ್ಲನೆ ತೆರೆದು, ಆ ಸಂದನ್ನು ಅಳೆಯಬೇಕು. 8 ಅಡಿ ಎತ್ತರದ ಬಾಗಿಲು ಅರ್ಧ ಅಂಗುಲ ತೆರೆದಿದ್ದರೆ 48 ಚದರಂಗುಲವಾಯಿತು. ಅಷ್ಟು ದಾರಿಯನ್ನು ಚಾವಣಿಯ ಹತ್ತಿರ ಮಾಡಿಕೊಟ್ಟರೆ, ಹೊರಗಿನ ತಂಪು ಮೇಲೇರಿದ ಬಿಸಿಗಾಳಿಯೊಡನೆ ಬೆರೆತು ಇಳಿಯುವುದೆಂದು ಅವನ ಸಲಹೆ.

1973ರ ತೈಲದ ಬಿಕ್ಕಟ್ಟು ಇದೇ ಪ್ರಶ್ನೆಯನ್ನು ಮತ್ತೆ ಎತ್ತಿತು. ಬಡವರ ಮನೆಗಳನ್ನು ಚಳಿಯಿಂದ ಕಾಪಾಡಲು ಅಮೆರಿಕ 1976ರಲ್ಲಿ ಕಾನೂನಿನ ಮೂಲಕ ಒಂದು ಯೋಜನೆಯನ್ನು ತಂದಿತು. ಕೆಲಸಗಾರರು ಬಾಗಿಲ ಚೌಕಟ್ಟಿಗೆ ಪಟ್ಟಿ ಅಂಟಿಸಿದರು, ಬಿರುಕುಗಳಿಗೆ ಮೆತ್ತಿದರು. ಆ ದಶಕದ ಕೊನೆಯ ವೇಳೆಗೆ ಸಂಶೋಧಕರು ಹೊರಬಾಗಿಲಿನಲ್ಲಿಯೇ ದೊಡ್ಡ ಫ್ಯಾನ್ ಕೂರಿಸಿ, ಮನೆ ಎಷ್ಟು ಸೋರುತ್ತದೆಂದು ಅಳೆಯತೊಡಗಿದರು. ಅಟ್ಟಕ್ಕೆ ತೆರೆದುಕೊಂಡ ಗೋಡೆಯೊಳಗಿನ ಗುಪ್ತ ಮಾರ್ಗಗಳು ಅನೇಕ ಮನೆಗಳಲ್ಲಿ ಬಾಗಿಲಿಗಿಂತ ಹೆಚ್ಚು ಬಿಸಿಯನ್ನು ಕದಿಯುತ್ತಿದ್ದವು! ಅಪವಾದ ಹೊತ್ತ ಬಾಗಿಲೇ ಸಾಕ್ಷಿ ನುಡಿದು ನಿಜವಾದ ಕಳ್ಳನನ್ನು ತೋರಿಸಿದಂತಾಯಿತು. ಸೋರಿಕೆಯ ಮೊತ್ತವನ್ನು ಇಂದಿಗೂ ಅಲ್ಲಿ ಚದರಂಗುಲಗಳಲ್ಲಿ ಹೇಳುವ ರೂಢಿಯುಂಟು. ಫ್ರಾಂಕ್ಲಿನ್‌ನ ಲೆಕ್ಕವೂ ಅದೇ ತಾನೆ?

ಫ್ರಾಂಕ್ಲಿನ್‌ನ ಹೊಗೆ ಕಣ್ಣಿಗೆ ಕಾಣುತ್ತಿತ್ತು. ಇಂಧನ ಉರಿಯುವ ಬಿಗಿಮನೆಯಲ್ಲಿ ತುಂಬಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಅದು ಏಳಗೊಡುವುದಿಲ್ಲ. ಆದ್ದರಿಂದ ಸಂದು ಮುಚ್ಚುವವರು ಒಲೆಯ ಹೊಗೆಗೂಡನ್ನೂ ಪರೀಕ್ಷಿಸುತ್ತಾರೆ. ಚಳಿಗೆ ಬಾಗಿಲು ಮುಚ್ಚುವವನು ಉಸಿರಿಗೆ ಬೇರೊಂದು ದಾರಿಯನ್ನು ತೆರೆದಿಡಬೇಕೆಂಬುದೇ ಈ ಇತಿಹಾಸದ ತಾತ್ಪರ್ಯ.