ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು? ಕೋಗಿ ಮತ್ತು ಓಶುನ್ ಗವರ್ನರ್ ಚುನಾವಣೆಗಳ ಮರುಪರಿಶೀಲನೆ

ನೈಜೀರಿಯಾದ ರಾಜ್ಯಗಳ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾಗುತ್ತಾರೆ. ಅತಿ ಹೆಚ್ಚು ಮತಗಳ ಜೊತೆಗೆ, ಕನಿಷ್ಠ ಮೂರನೇ ಎರಡರಷ್ಟು ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಕಾಲು ಭಾಗ ಮತವೂ ಬೇಕೆಂಬ ಸಂವಿಧಾನದ 179ನೇ ವಿಧಿಯ ಬಗ್ಗೆ ತಕರಾರಿಲ್ಲ. ತಕರಾರಿರುವುದು ಚುನಾವಣಾ ಆಯೋಗದ ‘ಮುನ್ನಡೆಯ ಅಂತರ’ ಸೂತ್ರದ ಬಗ್ಗೆ: ಮತದಾನ ರದ್ದಾದ ಮತಗಟ್ಟೆಗಳ ಮತದಾರರ ಸಂಖ್ಯೆಯನ್ನು ಮುನ್ನಡೆ ಮೀರದಿದ್ದರೆ, ಅಲ್ಲಿ ಮರುಮತದಾನವಾಗುವವರೆಗೆ ಫಲಿತಾಂಶ ಘೋಷಿಸುವಂತಿಲ್ಲ. ಕೋಗಿ (2015) ಮತ್ತು ಓಶುನ್ (2018) ಚುನಾವಣೆಗಳನ್ನು ಸಾಮಾನ್ಯವಾಗಿ ಈ ಸೂತ್ರದ ಎರಡು ಸಮಾನ ನಿದರ್ಶನಗಳೆಂದು ಓದಲಾಗುತ್ತದೆ. ಈ ಓದು ಸರಿಯಲ್ಲ ಎಂಬುದು ನನ್ನ ವಾದ.

ಓಶುನ್‌ನಲ್ಲಿ ಪಿಡಿಪಿ ಪಕ್ಷದ ಅಡೆಮೋಲಾ ಅಡೆಲೆಕೆ 254,698, ಎಪಿಸಿ ಪಕ್ಷದ ಗ್ಬೊಯೆಗಾ ಓಯೆತೊಲಾ 254,345 ಮತ ಪಡೆದಿದ್ದರು. ಅಂತರ 353, ರದ್ದಾದ 7 ಮತಗಟ್ಟೆಗಳ ನೋಂದಾಯಿತರು 3,498. ಇವರಲ್ಲಿ ಹತ್ತಕ್ಕೊಬ್ಬರು ಒಂದೇ ಕಡೆ ವಾಲಿದರೂ ಫಲಿತಾಂಶ ಅನಿಶ್ಚಿತವಾಗುತ್ತಿತ್ತು. ಮರುಮತದಾನದಲ್ಲಿ ಓಯೆತೊಲಾ 1,160, ಅಡೆಲೆಕೆ 325 ಮತ ಗಳಿಸಿದರು. ಓಯೆತೊಲಾ 482 ಮತಗಳಿಂದ ಗೆದ್ದರು. ಇಲ್ಲಿ ಕಾಯ್ದದ್ದು ನ್ಯಾಯವೇ.

ಕೋಗಿಯ ಲೆಕ್ಕ ಬೇರೆ. ಎಪಿಸಿಯ ಅಬೂಬಕರ್ ಔದು 240,867, ಪಿಡಿಪಿಯ ಇದ್ರಿಸ್ ವಾಡಾ 199,514, ಅಂತರ 41,353. ರದ್ದಾದ 91 ಮತಗಟ್ಟೆಗಳಲ್ಲಿ ನೋಂದಾಯಿತರು 49,953. ವಾಡಾ ಮುಂದಾಗಲು ಈ ನೋಂದಾಯಿತರಲ್ಲಿ ಶೇ. 82ಕ್ಕೂ ಹೆಚ್ಚು ಮಂದಿ ಬಂದು, ಅಷ್ಟೂ ಮತ ಅವರಿಗೇ ಬೀಳಬೇಕಿತ್ತು. ಮತದಾರರ ಶಾಶ್ವತ ಚೀಟಿ ಇಲ್ಲದವರು ಮತ ಹಾಕುವಂತಿರಲಿಲ್ಲ. ಆ ಮತಗಟ್ಟೆಗಳಲ್ಲಿ ಚೀಟಿ ಪಡೆದವರು ಸುಮಾರು 25,000 ಮಾತ್ರ ಎಂದು ಔದು ಅವರ ಜೊತೆಗೆ ಉಪ ಗವರ್ನರ್ ಸ್ಥಾನಕ್ಕೆ ನಿಂತಿದ್ದ ಜೇಮ್ಸ್ ಫಲೇಕೆ ಪಕ್ಷದವರು ವಾದಿಸಿದರು. ಈ ಸಂಖ್ಯೆ ನಿಜವಾದರೆ ವಾಡಾ ಗೆಲುವು ಗಣಿತದ ಮಟ್ಟಿಗೂ ಅಸಾಧ್ಯವಾಗಿತ್ತು. ಹಾಗಾಗಿ ಕೋಗಿಯಲ್ಲಿ ಫಲಿತಾಂಶವನ್ನು ತಡೆಹಿಡಿದದ್ದು ಮತದಾರರ ಅನಿಶ್ಚಯಕ್ಕಿಂತ ಹೆಚ್ಚಾಗಿ ಆಯೋಗ ಆಯ್ದುಕೊಂಡ ಅಳತೆಗೋಲು ಎಂದು ನಾನು ಭಾವಿಸುತ್ತೇನೆ.

ಈ ಮಾತಿಗೆ ಮಿತಿಗಳುಂಟು. ಮರುಮತದಾನದಲ್ಲಿ ಎಪಿಸಿಗೆ 6,885, ವಾಡಾಗೆ 5,363 ಮತಗಳಷ್ಟೇ ಬಂದವು. ಆದರೆ ಆ ಹೊತ್ತಿಗೆ ಔದು ತೀರಿಕೊಂಡು ಯಹಾಯಾ ಬೆಲ್ಲೊ ಅಭ್ಯರ್ಥಿಯಾಗಿದ್ದರಿಂದ ಅದನ್ನು ನನ್ನ ವಾದಕ್ಕೆ ಪುರಾವೆಯಾಗಿ ಬಳಸುವುದು ಸರಿಯಲ್ಲ. ಫಲೇಕೆ ಗವರ್ನರ್ ಆಗಬೇಕಿತ್ತು ಎಂದೂ ನಾನು ಹೇಳುತ್ತಿಲ್ಲ: ಆಯ್ಕೆಯಾದವರು ಪ್ರಮಾಣವಚನಕ್ಕೆ ಮುನ್ನ ಮರಣಿಸಿದರೆ ಉಪ ಗವರ್ನರ್ ಆಗಿ ಆಯ್ಕೆಯಾದವರು ಆ ಸ್ಥಾನಕ್ಕೇರಬೇಕೆನ್ನುವ 181ನೇ ವಿಧಿ, ಔದು ಆಯ್ಕೆಯಾಗಿದ್ದರೇ ಎಂಬ ಮೂಲ ಪ್ರಶ್ನೆಯನ್ನು ಬಗೆಹರಿಸುವುದಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಆಯೋಗದ ಕ್ರಮವನ್ನು ಎತ್ತಿಹಿಡಿಯಿತು. ಆದರೆ ಆಯೋಗಕ್ಕೆ ಅಧಿಕಾರ ಇತ್ತು ಎಂಬುದರಿಂದ ಅಳತೆಗೋಲು ಸೂಕ್ತವಾಗಿತ್ತು ಎಂದು ಸಿದ್ಧವಾಗದು. ಓಶುನ್ ಪ್ರಕರಣದ 2019ರ ತೀರ್ಪಂತೂ ಚುನಾವಣಾ ನ್ಯಾಯಮಂಡಳಿಯ ಸದಸ್ಯರೊಬ್ಬರ ಗೈರುಹಾಜರಿಯ ಪ್ರಶ್ನೆಯನ್ನು ಮುಖ್ಯವಾಗಿ ಆಧರಿಸಿದ್ದು. ಸೂತ್ರಕ್ಕೆ ಸಿಕ್ಕ ಸಮ್ಮತಿಯೆಂದು ಅದನ್ನು ಉಲ್ಲೇಖಿಸಲಾಗದು.

2022ರ ನಿಯಮಾವಳಿಯಲ್ಲಿ ಆಯೋಗವೇ ಚೀಟಿ ಪಡೆದ ಮತದಾರರ ಸಂಖ್ಯೆಯನ್ನು ಅಳತೆಗೋಲಾಗಿಸಿತು. ಈ ತಿದ್ದುಪಡಿ ಸ್ವಾಗತಾರ್ಹ. ಆದರೂ ಒಂದು ತೊಡಕು ಉಳಿದೇ ಇದೆ: ಅಂತರ ಕಿರಿದಾದಾಗ ಕೆಲವೇ ಮತಗಟ್ಟೆಗಳಲ್ಲಿ ಗಲಭೆ ಎಬ್ಬಿಸಿ ಇಡೀ ರಾಜ್ಯದ ಫಲಿತಾಂಶವನ್ನು ತಡೆಯಬಹುದು. ಅಳತೆಗೋಲನ್ನು ಬದಲಿಸಿದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ರದ್ದತಿಯ ಕಾರಣಗಳನ್ನು ಮತಗಟ್ಟೆವಾರು ಪರಿಶೀಲಿಸುವ ಕೆಲಸ ಮುಂದಿನ ಅಧ್ಯಯನಗಳಿಗೆ ಬಾಕಿಯಿದೆ.